ಹೊಸ ಬಟ್ಟೆ ಬಿಟ್ಟ ವರ್ಷ

ಉಕ್ಕಡಗಾತ್ರಿಗೆ ಜನ ಮೈಗೆ ಹತ್ತಿದ್ದನ್ನು ಬಿಡಿಸಿಕೊಳ್ಳಲು ಹೋಗುತ್ತಾರೆ. ನಾನೊಬ್ಬಳು ಮಾತ್ರ ಅಲ್ಲಿಗೆ ಹೋಗಿ ಹತ್ತಿಸಿಕೊಂಡು ಬಂದೆ. ಈ ಮಾತು ನನ್ನದಲ್ಲ, ಅಪ್ಪನದು. ದಾವಣಗೆರೆಯ ವಿನೋಬನಗರದಲ್ಲಿ ಅವನ ಆಟೋ ಹತ್ತಿದವರಿಗೆಲ್ಲ ಒಂದು ವರ್ಷ ಇದನ್ನೇ ಹೇಳಿಕೊಂಡು ತಿರುಗಿದ. ಕೇಳಿದವರು ಹಿಂದೆ ತಿರುಗಿ ನಮ್ಮ ಮನೆಯ ಕಡೆ ಒಮ್ಮೆ ನೋಡಿಯೇ ಮುಂದೆ ಹೋಗುತ್ತಿದ್ದರು.

ನನ್ನ ಹತ್ತನೇ ಕ್ಲಾಸಿನ ರಿಸಲ್ಟ್ ಬಂದಿತ್ತು. ನಾನು ಪಾಸಾದರೆ ಉಕ್ಕಡಗಾತ್ರಿಯ ದೇವರು ಅಜ್ಜಯ್ಯನ ದರ್ಶನ ಮಾಡಿಸುತ್ತೇನೆ ಎಂದು ಅತ್ತೆ ಹರಕೆ ಹೊತ್ತಿದ್ದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಹರಿಹರದಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಅವಳ ಮನೆ. ಮಾವ ಲೇತ್ ಮಷೀನಿನ ಕೆಲಸಕ್ಕೆ ಹೋಗುತ್ತಿದ್ದ, ಅತ್ತೆ ಗಾರ್ಮೆಂಟ್ಸಿಗೆ. ಮಕ್ಕಳಿರಲಿಲ್ಲ. ತೊಟ್ಟಿಲಲ್ಲಿದ್ದ ನನ್ನ ಕಿವಿಯಲ್ಲಿ ಹೆಸರು ಕರೆದವಳು ಅವಳೇ. ಆವತ್ತಿನಿಂದ ಪ್ರತಿ ದೀಪಾವಳಿಗೂ ಒಂದು ಅಂಗಡಿಯ ಹೊಳೆಯುವ ಕವರಿನಲ್ಲಿ ನನಗೊಂದು ಜೊತೆ ಬಟ್ಟೆ ತಂದುಕೊಡುತ್ತಿದ್ದಳು. ಒಂದು ವರ್ಷವೂ ತಪ್ಪಿಸಿದವಳಲ್ಲ.

ನನಗೋ ಆಗ ಬಟ್ಟೆಯ ಹುಚ್ಚು. ಮೊಬೈಲಿನ ಮೇಲೆ ಬೆರಳು ಸವರಿದರೆ ಮೂರನೇ ದಿನಕ್ಕೆ ಟಾಪ್ ಬಾಗಿಲಿಗೆ ಬರುತ್ತಿತ್ತು. ಎರಡು ಸಲ ಒಗೆಯುವಷ್ಟರಲ್ಲಿ ಅದರ ಬಣ್ಣ ಬಕೆಟ್ಟಿನಲ್ಲಿರುತ್ತಿತ್ತು, ನನ್ನ ಕಣ್ಣು ಮುಂದಿನ ಟಾಪಿನ ಮೇಲಿರುತ್ತಿತ್ತು. ನನ್ನ ಬೀರುವಿನ ಬಾಗಿಲು ಹಾಕಲು ಅಮ್ಮ ಮೊಣಕಾಲು ಒತ್ತಿ ಹಿಡಿಯಬೇಕಿತ್ತು.

ಅಮಾವಾಸ್ಯೆಯ ದಿನ ಹರಿಹರದಿಂದ ಬಸ್ಸು ಹಿಡಿದು ಎಲ್ಲರೂ ಹೋದೆವು. ಬೇಸಿಗೆ, ತುಂಗಭದ್ರೆ ಇಳಿದುಹೋಗಿದ್ದಳು. ಅಲ್ಲಿ ಹೊಳೆಯಲ್ಲಿ ಮುಳುಗಿ ಎದ್ದು, ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟರೆ ಅದರ ಜೊತೆ ಪೀಡೆಯೂ ಹೋಗುತ್ತದೆ ಎಂಬುದು ಬಂದವರ ನಂಬಿಕೆ. ತುಂಬಿದ ಹೊಳೆಯಾದರೆ ಒಯ್ಯುತ್ತಿತ್ತೇನೋ. ಈಗ ನೀರು ಮೊಣಕಾಲುದ್ದ. ಪೀಡೆ ಹೋಗಿದ್ದರೂ ಬಟ್ಟೆ ಅಲ್ಲೇ ಉಳಿದಿತ್ತು.

ನಾಲ್ಕು ಹೆಜ್ಜೆ ಇಳಿದಿದ್ದೆ, ಅಷ್ಟೇ. ನೀರೊಳಗೆ ಏನೋ ನನ್ನ ಎರಡೂ ಕಾಲಿಗೆ ಸುತ್ತಿಕೊಂಡಿತು. ಎಳೆದಷ್ಟೂ ಬಿಗಿಯಾಯಿತು. ಹಾವೆಂದುಕೊಂಡು ನಾನು ಕಿರುಚಿದ ಕಿರುಚಿಗೆ ಆಚೆ ದಡದ ಎಮ್ಮೆಗಳೂ ತಲೆ ಎತ್ತಿದವು. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಜಡೆ ಬಿಚ್ಚಿ ಮುಖದ ಮೇಲೆ ಬಂತು. ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಕೈಹಿಡಿದು ಎತ್ತುತ್ತಿದ್ದರು. ಉಕ್ಕಡಗಾತ್ರಿಯಲ್ಲಿ ಕೂದಲು ಬಿಚ್ಚಿ ಕಿರುಚುವ ಹುಡುಗಿಗೆ ಒಂದೇ ಅರ್ಥ. ಇಬ್ಬರು ಗಟ್ಟಿ ಹೆಂಗಸರು ಬಂದು ನನ್ನ ತೋಳು ಹಿಡಿದರು. ಮೂರನೆಯವಳು ಹಣೆಗೆ ವಿಭೂತಿ ಬಳಿದು ಗದರಿಸಿದಳು:

"ಯಾರು ನೀನು? ಹೇಳು! ಎಲ್ಲಿಂದ ಬಂದೀ?"

ನಾನು ಬಾಯಲ್ಲಿದ್ದ ನೀರು ಉಗುಳಿ, "ವಿನೋಬನಗರ!" ಎಂದೆ.

ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ನಗು ತಡೆಯಲಾಗದೆ ಅವನ ಹೆಗಲು ಅಲುಗುತ್ತಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, "ಬಿಡ್ರವ್ವ, ನಮ್ಮ ಹುಡುಗಿ, ದೆವ್ವ ಅಲ್ಲ, ಹುಟ್ಟಿದಾಗಿಂದ ಹಿಂಗೇ ಐತೆ" ಎನ್ನುತ್ತ ಬಗ್ಗಿ ನನ್ನ ಕಾಲಿಗೆ ಸುತ್ತಿದ್ದನ್ನು ಬಿಡಿಸಿದಳು. ಅದೊಂದು ನೈಲಾನ್ ಸೀರೆ. ಯಾರೋ ಬಿಟ್ಟು ಹೋಗಿದ್ದು. ಎಷ್ಟು ದಿನದಿಂದ ಅಲ್ಲಿತ್ತೋ, ಹರಿದಿರಲಿಲ್ಲ, ಕೊಳೆತಿರಲಿಲ್ಲ, ಅಂಚಿನ ಹೂವು ಸಹ ಹಾಗೇ ಇತ್ತು.

ದಡಕ್ಕೆ ಬಂದು ನಡುಗುತ್ತ ಕೂತಾಗ ಕಣ್ಣು ಬಿಟ್ಟು ನೋಡಿದೆ. ಕಲ್ಲುಕಲ್ಲಿಗೂ ಬಟ್ಟೆ ಸಿಕ್ಕಿಕೊಂಡಿತ್ತು. ಅಂಗಿ, ಲಂಗ, ಪಂಚೆ, ಮಗುವಿನ ಫ್ರಾಕು. ಅವುಗಳ ನಡುವೆ ಒಂದು ಗುಲಾಬಿ ಟಾಪ್ ಇತ್ತು, ಎದೆಯ ಮೇಲೆ ಬಿಳಿ ಚಿಟ್ಟೆ. ಅಂಥದ್ದೇ ಚಿಟ್ಟೆಯ ಟಾಪ್ ನಾನು ಆ ತಿಂಗಳು ಮೊಬೈಲಿನಲ್ಲಿ ತರಿಸಿದ್ದೆ. ಅದು ಮನೆಯಲ್ಲಿತ್ತು, ಇದು ಇನ್ನಾರದೋ. ಆದರೂ ನನ್ನ ಬೀರುವೇ ಹೊಳೆಗೆ ಬಂದು ಬಿದ್ದಂತೆ ಕಂಡಿತು. ದುಃಖವೂ ಬಂತು, ಸಿಟ್ಟೂ ಬಂತು. ಸಿಟ್ಟು ಬಂದರೆ ನನಗೆ ಬಾಯಿ ಮುಚ್ಚಿಕೊಂಡು ಇರಲು ಬರುವುದಿಲ್ಲ. ಎದ್ದು ನಿಂತು ಗಟ್ಟಿಯಾಗಿ ಹೇಳಿದೆ:

"ಇವತ್ತಿಂದ ಒಂದು ವರ್ಷ ನಾನು ಹೊಸ ಬಟ್ಟೆ ಹಾಕ್ಕಳಲ್ಲ! ಬರೋ ವರ್ಷ ಇದೇ ಅಮಾವಾಸ್ಯೆ ತನಕ!"

ನಾನು ಹೇಳಿದ್ದು ಅಪ್ಪ, ಅಮ್ಮ, ಅತ್ತೆಗೆ. ಆದರೆ ನಿಂತಿದ್ದು ಗುಡಿಯ ಕಡೆ ಮುಖ ಮಾಡಿ, ಒದ್ದೆ ಬಟ್ಟೆಯಲ್ಲಿ, ಹಣೆಯ ತುಂಬ ವಿಭೂತಿ ಹೊತ್ತು. ಅದೇ ಹೊತ್ತಿಗೆ ಒಳಗೆ ಗಂಟೆ ಬೇರೆ ಹೊಡೆಯಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಜ್ಜಯ್ಯನ ಮುಂದೆ ಅಂದುಬಿಟ್ಯಲ್ಲೇ! ಇನ್ನು ಆತು. ಅಂದಿದ್ದು ಅಂದಂಗೆ ನಡೀಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಅದನ್ನು ನದಿಯ ಸಲುವಾಗಿ, ಭೂಮಿಯ ಸಲುವಾಗಿ ಮಾಡಿದ ನಿರ್ಧಾರ ಎಂದುಕೊಂಡಿದ್ದೆ. ಬೇಜಾರಾದರೆ ಮುಂದಿನ ತಿಂಗಳು ಬಿಟ್ಟರಾಯಿತು ಎಂಬ ಒಳ ಲೆಕ್ಕಾಚಾರವೂ ಇತ್ತು, ಸುಳ್ಳೇಕೆ ಹೇಳಲಿ. ಅಮ್ಮ ಅದನ್ನು ಹರಕೆ ಮಾಡಿಬಿಟ್ಟಳು. ಹರಕೆ ಎಂದಮೇಲೆ ಮುರಿಯುವಂತಿಲ್ಲ, ಮುರಿಯಲು ಅಮ್ಮ ಬಿಡುವಂತಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲೇ ಕಾನೂನು ತಯಾರಾಯಿತು. ಯಾವುದು ಹೊಸದು, ಯಾವುದು ಹಳೆಯದು? ಅಮ್ಮನ ತೀರ್ಪು ಸರಳವಾಗಿತ್ತು. ನಮ್ಮಲ್ಲಿ ಹೊಸ ಬಟ್ಟೆಯನ್ನು ಮೊದಲ ಸಲ ಹಾಕುವ ಮುಂಚೆ ಅದರ ಮೂಲೆಗೆ ಅರಿಷಿಣ ಹಚ್ಚುತ್ತೇವೆ. "ಅರಿಷಿಣ ಹಚ್ಚಬೇಕಾದ್ದು ಹೊಸದು. ಹಚ್ಚಿ ಯಾರೋ ಹಾಕ್ಕಂಡಿದ್ದು ಹಳೇದು. ಹಳೇದು ಯಾರದ್ದಾದ್ರೂ ಹಾಕ್ಕಾ, ಹೊಸದು ಮುಟ್ಟಬ್ಯಾಡ," ಎಂದಳು.

ಮೊದಲ ಎರಡು ತಿಂಗಳು ಹಬ್ಬ. ಪಿಯುಸಿಗೆ ಸೇರಿದ್ದೆ. ಅಪ್ಪನ ಹಳೆಯ ಚೌಕಳಿ ಅಂಗಿಯ ತೋಳು ಮಡಚಿ ಹಾಕಿಕೊಂಡು ಹೋದರೆ ಗೆಳತಿಯರು ಎಲ್ಲಿ ತಗೊಂಡೆ ಎಂದು ಕೇಳಿದರು. ಅಮ್ಮನ ಹಳೆಯ ಸೀರೆಯೊಂದು ಲಂಗವಾಯಿತು. ಮೊಣಕಾಲ ಹತ್ತಿರ ಹರಿದ ಪ್ಯಾಂಟಿಗೆ ದಿಂಬಿನ ಕವರಿನ ಹೂವು ಕತ್ತರಿಸಿ ತೇಪೆ ಹಾಕಿದೆ. ಹೊಲಿಗೆ ಡೊಂಕಾಗಿ ಹೂವಿನ ಬದಲು ಕ್ಯಾಬೇಜ್ ಕಂಡಿತು. ಚಿಟ್ಟೆಯ ಗುಲಾಬಿ ಟಾಪನ್ನಂತೂ ಸೀಗೆಕಾಯಿ ನೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಕಾಯಿಲೆಯ ಮನುಷ್ಯನ ಹಾಗೆ ನೋಡಿಕೊಂಡೆ. ನನಗೆ ನಿಜವಾಗಿ ಖುಷಿಯಾಗಿತ್ತು.

ಮೂರನೇ ತಿಂಗಳಿಗೆ ಉತ್ಸಾಹ ಜಾರಿತು. ಕಾಲೇಜಿನಲ್ಲಿ ಎಥ್ನಿಕ್ ಡೇ ಬಂತು. ಸಾಸಿವೆ ಬಣ್ಣದ ಒಂದು ಚೂಡಿದಾರ ಮೊಬೈಲಿನಲ್ಲಿ ನನ್ನನ್ನೇ ನೋಡುತ್ತಿತ್ತು. ಯಾರಿಗೂ ಹೇಳದೆ ತರಿಸಿದೆ. ನನ್ನ ಗ್ರಹಚಾರ, ಪಾರ್ಸಲ್ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಅಮ್ಮ ಬಾಗಿಲಲ್ಲಿ ಕೈ ಅಡ್ಡ ಇಟ್ಟು, "ಬ್ಯಾಡಪ್ಪ, ನಮ್ಮನ್ಯಾಗೆ ಹರಕೆ ಐತೆ, ಎಲ್ಲಿಂದ ತಂದ್ಯೋ ಅಲ್ಲಿಗೇ ಒಯ್ದುಬಿಡು" ಎಂದು ಪಾರ್ಸಲ್ ತಂದ ಹುಡುಗನನ್ನು ಹಾಗೇ ಕಳಿಸಿದಳಂತೆ. ಆವತ್ತು ಸಂಜೆ ನಾನು ಊಟ ಬಿಟ್ಟೆ. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ತಟ್ಟೆ ಪಕ್ಕದಲ್ಲಿಟ್ಟು ಹೋದಳು. ಅದರ ವಾಸನೆಗೆ ನನ್ನ ಹಟ ಹತ್ತು ನಿಮಿಷ ನಿಲ್ಲಲಿಲ್ಲ.

ಆಸೆ ಹೋಗದಿದ್ದರೆ ಮನುಷ್ಯ ಉಪದೇಶ ಶುರು ಮಾಡುತ್ತಾನೆ. ನಾನೂ ಮಾಡಿದೆ. ಬಟ್ಟೆ ಕಾರ್ಖಾನೆಗಳ ವೀಡಿಯೋಗಳನ್ನು ಒಂದರ ಮೇಲೊಂದು ನೋಡಿದೆ. ದೂರದೂರದ ದೇಶಗಳ ಹೆಂಗಸರು, ಸಾಲು ಸಾಲು ಮಷೀನು, ಬಣ್ಣ ಬೆರೆತ ಹೊಳೆ. ಆಮೇಲೆ ಯಾರ ಮನೆಗೆ ಹೋದರೂ ಅವರ ಮೈಮೇಲಿನ ಬಟ್ಟೆ ನೋಡಿ, "ಇದನ್ನ ಯಾರು ಹೊಲಿದ್ರು ಗೊತ್ತಾ ನಿಮಗೆ?" ಎಂದು ಕೇಳುವುದೇ ನನ್ನ ಕೆಲಸವಾಯಿತು. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೂ ಬಿಡುತ್ತಿರಲಿಲ್ಲ. ಎದುರಿಗೆ ನಾನು ಕಂಡರೆ ನೆಂಟರು ಎಲೆ ಬದಲಾಯಿಸುತ್ತಿದ್ದರು.

ದಸರೆಯ ಹೊತ್ತಿಗೆ ನನ್ನ ಇಷ್ಟದ ನೀಲಿ ಟಾಪ್ ಒಂದು ಕಾಣೆಯಾಯಿತು. ಮೈಗೆ ಸರಿಯಾಗಿ ಕೂರುತ್ತಿದ್ದದ್ದು ಅದೊಂದೇ. ಕಂಕುಳಲ್ಲಿ ಸ್ವಲ್ಪ ಹರಿದಿತ್ತು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೆ ಅಮ್ಮ ಹಾಕಿಬಿಟ್ಟಿದ್ದಾಳೆ ಎಂದು ನಾನು ಜಗಳ ತೆಗೆದೆ. ಅಮ್ಮ ಅಜ್ಜಯ್ಯನ ಆಣೆ ಇಟ್ಟಳು. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಅವನು ಅಷ್ಟು ಹೊತ್ತು ಪೇಪರ್ ಓದುವವನಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ದೀಪಾವಳಿ ಪಾಡ್ಯದ ದಿನ ಅತ್ತೆ ಬಂದಳು. ಕೈಯಲ್ಲಿ ಅದೇ ಹೊಳೆಯುವ ಕವರು. ಮುಖ ಎಂದಿಗಿಂತ ಹೆಚ್ಚು ಅರಳಿತ್ತು. ಅಮ್ಮ, "ಬರ್ರಿ ಅಕ್ಕ, ಕೂಡ್ರಿ, ಹೋಳಿಗೆ ಬಿಸಿ ಐತೆ" ಎಂದು ತಟ್ಟೆ ಇಟ್ಟಳು. ಅತ್ತೆ ಕೂರುವ ಮುಂಚೆಯೇ ಕವರನ್ನು ನನ್ನ ಮುಂದೆ ಹಿಡಿದಳು.

"ತಗಾ. ನಿನ್ನ ಹರಕೆ ನಂಗೆ ನೆನಪೈತೆ. ಮೊದ್ಲು ತೆಗೆದು ನೋಡು, ಆಮೇಲೆ ಮಾತಾಡು."

ನಾನು ತೆಗೆಯಲಿಲ್ಲ. ಕವರಿನ ಮೇಲಿನ ಅಂಗಡಿಯ ಹೆಸರು ನೋಡಿದ್ದೇ ಸಾಕಾಯಿತು. ಕೈ ಹಿಂದೆ ಕಟ್ಟಿಕೊಂಡು ಶುರು ಮಾಡಿದೆ.

"ಅತ್ತೆ, ನಾನು ಇದನ್ನ ಮುಟ್ಟಲ್ಲ. ಇಂಥ ಬಟ್ಟೆ ಹೊಲಿಯೋ ಹೆಂಗಸರ ಕಥೆ ಗೊತ್ತಾ ನಿಂಗೆ? ಬೆಳಿಗ್ಗೆ ಬಗ್ಗಿದ ಬೆನ್ನು ಸಂಜೆ ತನಕ ಎತ್ತಂಗಿಲ್ಲ. ಒಂದು ಲೋಟ ನೀರು ಕುಡಿಯಾಕೂ ಕೇಳಿ ಏಳಬೇಕು. ಅವರ ಕಣ್ಣು ಹೋಗ್ತಾವೆ, ಸೊಂಟ ಹೋಗ್ತೈತೆ. ನಾವು ಹಬ್ಬ ಅಂತ ಹಾಕ್ಕಂಡು ಮೆರೀತೀವಿ. ಅವರ ಬಗ್ಗೆ ಒಂದು ದಿನಾನಾದ್ರೂ ಯೋಚನೆ ಮಾಡೀಯಾ ನೀನು?"

ಅತ್ತೆ ಪೂರ್ತಿ ಕೇಳಿದಳು. ಕವರು ಹಿಡಿದ ಕೈ ಮೆಲ್ಲಗೆ ಕೆಳಗೆ ಬಂತು.

"ಹೌದೇನವ್ವ? ಪಾಪ," ಎಂದಳು.

ಅಮ್ಮ ಗಾಬರಿಯಾಗಿ, "ಹರಕೆ ಐತಲ್ರಿ ಅಕ್ಕ, ಬರೋ ವರ್ಷ ಹಾಕ್ಕಂತಾಳೆ. ಇಲ್ಲೇ ಇಟ್ಟು ಹೋಗ್ರಿ" ಎಂದಳು. ಅತ್ತೆ, "ಬ್ಯಾಡ ಬಿಡು, ಹಾಕ್ಕಳದ ಬಟ್ಟೆ ಸುಮ್ನೆ ಇಟ್ರೆ ಜಿರಳೆ ಪಾಲು" ಎಂದು ಕವರನ್ನು ಚೀಲಕ್ಕೆ ಸೇರಿಸಿದಳು. ಮಾವನಿಗೆ ಜ್ವರ ಇದೆ ಎಂದು ಏನೋ ಹೇಳಿ, ಅರ್ಧ ಹೋಳಿಗೆ ತಟ್ಟೆಯಲ್ಲೇ ಬಿಟ್ಟು ಎದ್ದಳು. ಅತ್ತೆ ಹೋಳಿಗೆ ಬಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಪ್ಪ ಅವಳನ್ನು ಆಟೋದಲ್ಲಿ ಸ್ಟೇಷನ್ನಿಗೆ ಬಿಟ್ಟು ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ.

"ನಿನ್ನ ನೀಲಿ ಟಾಪು ನಾನೇ ಒಯ್ದು ಅಕ್ಕಗೆ ಕೊಟ್ಟಿದ್ದೆ, ಅಳತೆಗೆ. ಹಳೇ ಮಷೀನು ಒಂದು ತಗಂಡಾಳೆ. ದಸರೆಯಿಂದ ಒಂದು ಭಾನುವಾರ ಬಿಡದಂಗೆ ಕೂತು ತಾನೇ ಹೊಲಿದಿದ್ದು ಅದು. ಕವರು ಹೋದ ವರ್ಷದ್ದು. ಬರೀ ಕೈಯಾಗೆ ಹೆಂಗೆ ಕೊಡಾದು ಅಂತ ಅದ್ರಾಗೆ ಹಾಕ್ಕಂಡು ಬಂದಿದ್ಲು. ಹನ್ನೆರಡು ವರ್ಷ ಆತು ಅಕ್ಕ ಗಾರ್ಮೆಂಟ್ಸಿಗೆ ಹೋಗಾಕೆ ಹತ್ತಿ. ನೀರು ಕುಡಿಯಾಕೆ ಕೇಳಿ ಏಳೋ ಹೆಂಗಸಿಗೇ ನೀನು ಅದನ್ನ ಹೇಳಿಕೊಟ್ಟೆ ನೋಡು."

ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ದೀಪಾವಳಿಯ ದಿನವೇ ಆಯಿತು. ಸಮುದ್ರದಾಚೆಯ ದೇಶಗಳ ಹೊಲಿಗೆಯ ಹೆಂಗಸರು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆಂದು ನನಗೆ ಗೊತ್ತಿತ್ತು. ಹರಿಹರದಲ್ಲಿ ನನ್ನ ಅತ್ತೆ ಎಷ್ಟಕ್ಕೆ ಏಳುತ್ತಾಳೆಂದು ಗೊತ್ತಿರಲಿಲ್ಲ. "ಗಾರ್ಮೆಂಟ್ಸಿಗೆ ಹೋಗ್ತಾಳೆ" ಎಂಬ ಮಾತನ್ನು ಬುದ್ಧಿ ತಿಳಿದಾಗಿನಿಂದ ಕೇಳಿದ್ದೆ. ಹೋಗಿ ಏನು ಮಾಡುತ್ತಾಳೆ ಎಂದು ಒಂದು ದಿನ ಕೇಳಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತ ಕೂತೆ. ಆಮೇಲೆ ನೀರು ದಂಡವಾಗುತ್ತದೆಂದು ನಲ್ಲಿ ನಿಲ್ಲಿಸಿ ಅಳುತ್ತ ಕೂತೆ.

ಮೂರು ವಾರ ಅತ್ತೆಯ ಸುದ್ದಿಯಿಲ್ಲ. ಫೋನ್ ಮಾಡಿದರೆ ಮಾವ ಎತ್ತಿ, "ಮಲಗ್ಯಾಳೆ" ಎನ್ನುತ್ತಿದ್ದ. ಸಂಜೆ ಐದಕ್ಕೂ ಮಲಗ್ಯಾಳೆ, ಬೆಳಿಗ್ಗೆ ಹತ್ತಕ್ಕೂ ಮಲಗ್ಯಾಳೆ. ನನ್ನ ಅತ್ತೆ ಹಗಲು ಮಲಗುವವಳಲ್ಲ. ಹೆಸರು ಕರೆದ ಬಾಯಿ ನನ್ನನ್ನು ಕರೆಯುವುದನ್ನೇ ಬಿಟ್ಟುಬಿಟ್ಟರೆ ಏನು ಗತಿ ಎಂದು ನನಗೆ ನಿಜವಾಗಿ ಭಯವಾಯಿತು. ನಾಲ್ಕನೇ ಭಾನುವಾರ ಒಬ್ಬಳೇ ಪ್ಯಾಸೆಂಜರ್ ರೈಲು ಹತ್ತಿದೆ. ದಾವಣಗೆರೆಯಿಂದ ಹರಿಹರ ಕೂತು ಏಳುವಷ್ಟು ದೂರ. ಏನು ಹೇಳಬೇಕೆಂದು ಜೋಡಿಸಿಕೊಳ್ಳುವುದರಲ್ಲಿ ಊರು ಬಂದುಬಿಟ್ಟಿತು.

ಅತ್ತೆ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, "ಬರ್ರಿ ಮೇಡಂನೋರೆ, ಚೆಕಿಂಗಿಗೆ ಬಂದ್ರೇನು? ನನ್ನ ಸೀರೆ ಯಾರು ನೇಯ್ದಿದ್ದು ಅಂತ ನಂಗೆ ಗೊತ್ತಿಲ್ಲ ನೋಡ್ರಿ" ಎಂದಳು. ಜೋಡಿಸಿಕೊಂಡ ಮಾತೆಲ್ಲ ಚೆಲ್ಲಿಹೋಯಿತು. ನಾನು ಮೊರದ ಪಕ್ಕ ಕುಸಿದು ಕೂತು, "ತಪ್ಪಾತು ಅತ್ತೆ" ಎಂದೆ. ಅವಳು ಒಂದು ಹಿಡಿ ಅವರೆಕಾಯಿ ನನ್ನ ಮಡಿಲಿಗೆ ಹಾಕಿದಳು. ಸುಲಿ ಎಂದರೆ ಇರು ಎಂದು ಅರ್ಥ.

"ನೀನು ಅಂದಿದ್ದು ಸುಳ್ಳಲ್ಲ ಬಿಡು," ಎಂದಳು ಇನ್ನೊಂದು ಕಾಯಿ ಸುಲಿಯುತ್ತ. "ಸೊಂಟ ಹೋಗ್ತೈತೆ. ಸೂಪರ್‌ವೈಸರ್ ಬೈತಾರೆ. ನಂಗೆ ಅದು ಬ್ಯಾಸರ ಇಲ್ಲ. ಹನ್ನೆರಡು ವರ್ಷದಾಗೆ ನಾನು ಬರೇ ತೋಳು ಹೊಲಿದೀನಿ. ಬಲಗೈ ತೋಳು. ಎಡಗೈದು ಇನ್ನೊಬ್ಬಾಕಿ. ಕೊರಳು ಯಾರೋ, ಗುಂಡಿ ಯಾರೋ. ಒಂದು ಪೂರ್ತಿ ಅಂಗಿ ನಾನೇ ಹೊಲಿದೆ ಅಂತ ಎಂದೂ ಇಲ್ಲ. ಕಣ್ಣು ಮುಚ್ಚಿ ತೋಳು ಹೊಲೀತೀನಿ. ಕೊರಳು ಬರ್ತಿರಲಿಲ್ಲ. ನಿನ್ನ ಟಾಪಿನ ಕೊರಳು ಮೂರು ಸಲ ಬಿಚ್ಚಿದೆ. ಅಂಗಡೀದಲ್ಲ, ಮನೇಲಿ ಹೊಲಿದಿದ್ದು, ಹಂಗಾಗಿ ನಿನ್ನ ಹರಕೆಗೆ ಅಡ್ಡ ಬರಲ್ಲ ಅಂದ್ಕಂಡಿದ್ದೆ. ನಿನ್ನ ಮೈಮೇಲೆ ಒಂದ್ಸಲ ನೋಡಬೇಕಿತ್ತು. ಅಷ್ಟೇ."

ಎದ್ದು ಕವರು ತಂದಳು. ಹೆಸರುಕಾಳಿನ ಹಸಿರು ಬಣ್ಣದ ಕಾಟನ್ ಚೂಡಿದಾರ, ಕೊರಳಿನ ಸುತ್ತ ತೆಳ್ಳಗಿನ ಕೆಂಪು ಪೈಪಿಂಗ್ ಅಂಚು. ಕವರಿನ ತಳದಲ್ಲಿ ನನ್ನ ನೀಲಿ ಟಾಪ್ ಮಡಚಿ ಇಟ್ಟಿತ್ತು. ಕಂಕುಳಿನ ಹರಕು ಎಲ್ಲಿತ್ತೆಂದು ಹುಡುಕಿದರೂ ಸಿಗದ ಹಾಗೆ ಹೊಲಿದಿದ್ದಳು. ಹಸಿರು ಟಾಪನ್ನು ತಿರುವಿ ಒಳಗಿನ ಹೊಲಿಗೆ ತೋರಿಸಿದಳು. ಎರಡೂ ಪಕ್ಕದಲ್ಲಿ ಎರಡೆರಡು ಬೆರಳು ಅಗಲ ಬಟ್ಟೆ ಒಳಗೆ ಬಿಟ್ಟಿತ್ತು.

"ಕಂಪನಿ ಅಂಗಿಗೆ ಇಷ್ಟು ಬಿಡಂಗಿಲ್ಲ. ಬಿಗಿಯಾದ್ರೆ ಬಿಸಾಕಿ ಇನ್ನೊಂದು ತಗಳ್ಳಿ ಅಂತ. ಮನೇದಕ್ಕೆ ಬಿಡ್ತೀವಿ. ನೀನು ದಪ್ಪಾದ್ರೆ ಬಿಚ್ಚಿ ಅಗಲ ಮಾಡಾದು. ನೀವೆಲ್ಲ ತಗಳ್ಳಾದೇ ಬ್ಯಾಡ ಅಂದ್ರೆ ನಮ್ಮ ಮಷೀನಿನ ಲೈನು ನಿಂತು ಹೋಗ್ತೈತೆ, ನಾವು ಮನೇಗೆ ಹೋಗ್ಬೇಕಾಗ್ತೈತೆ. ತಗಳ್ರಿ. ಆದ್ರೆ ಹರಿಯೋ ತನಕ ಹಾಕ್ಕಳ್ರಿ."

ನನ್ನ ಎಷ್ಟೋ ವೀಡಿಯೋಗಳು ಸೇರಿ ಹೇಳದ್ದನ್ನು ಆ ಎರಡು ಬೆರಳಿನ ಬಟ್ಟೆ ಹೇಳಿತು. ನನಗೆ ಆ ಚೂಡಿದಾರ ಬೇಕೇ ಬೇಕು ಅನ್ನಿಸಿತು, ಆಗಲೇ, ಅಲ್ಲೇ. ಆದರೆ ಅಮ್ಮನ ಕಾನೂನು ಎದುರಿಗಿತ್ತು. ಅರಿಷಿಣ ಹಚ್ಚಬೇಕಾದ್ದು ಹೊಸದು. ಅಂಗಡಿಯದೋ ಮನೆಯದೋ ಎಂದು ಆ ಕಾನೂನು ಕೇಳುವುದಿಲ್ಲ. ಅವರು ಚಾಪೆ ಕೆಳಗೆ ನುಸುಳಿದರೆ ನೀನು ರಂಗೋಲಿ ಕೆಳಗೆ ನುಸುಳು ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು.

"ಅತ್ತೆ, ನೀನೇ ಒಂದ್ಸಲ ಅರಿಷಿಣ ಹಚ್ಚಿ ಹಾಕ್ಕಂಬಿಡು. ನೀನು ಹಾಕ್ಕಂಡ ಮೇಲೆ ಅದು ಹಳೇದು. ಆಮೇಲೆ ನಂಗೆ ಕೊಡು."

"ಥೂ! ಈ ವಯಸ್ಸಿನಾಗೆ ಚೂಡಿದಾರನಾ? ನಾನು ಹುಟ್ಟಿದಾಗಿಂದ ಹಾಕ್ಕಂಡಾಕಲ್ಲ. ಮಂದಿ ನಗ್ತಾರೆ."

"ಬಾಗಿಲು ಹಾಕ್ತೀನಿ. ಯಾವ ಮಂದಿ?"

ಸ್ವಲ್ಪ ಹೊತ್ತು ಬ್ಯಾಡ ಬ್ಯಾಡ ಎಂದಳು. ಆಮೇಲೆ ಕತ್ತರಿ ಕೇಳಿದಳು. ಒಳಗೆ ಬಿಟ್ಟ ಬಟ್ಟೆಯನ್ನು ಬಿಚ್ಚಿ, ಮಷೀನಿಗೆ ಕೂತು ಕಾಲು ಗಂಟೆಯಲ್ಲಿ ಎರಡೂ ಪಕ್ಕ ತನ್ನ ಅಳತೆಗೆ ಅಗಲ ಮಾಡಿದಳು. ಮೂಲೆಗೆ ಅರಿಷಿಣ ಹಚ್ಚಿ ಒಳಗೆ ಹೋದಳು. ಹೊರಗೆ ಬಂದಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ವೇಲಿನ ಎರಡೂ ತುದಿ ಹಿಡಿದುಕೊಂಡು ನಿಂತಳು. ನಾನು ಅಷ್ಟು ಚಂದದ ಅತ್ತೆಯನ್ನು ನೋಡಿಯೇ ಇರಲಿಲ್ಲ. ಅದೇ ಹೊತ್ತಿಗೆ ಹಿತ್ತಿಲ ಬಾಗಿಲಿಂದ ಮಾವ ಬಂದ. ಬೆನ್ನು ನೋಡಿ, "ಯಾರ್ರಿ? ಯಾರು ಬೇಕಾಗಿತ್ತು?" ಎಂದ.

ಅತ್ತೆ ತಿರುಗಿದಳು. ಮಾವ ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟು, ತಲೆಯಿಂದ ಕಾಲಿನ ತನಕ ನೋಡಿ, "ಚಂದ ಐತಲ್ಲೇ. ತೆಗೀಬ್ಯಾಡ" ಎಂದ.

ಅವಳು ತೆಗೆಯಲಿಲ್ಲ. ಸಕ್ಕರೆ ಇದ್ದರೂ ಸಕ್ಕರೆ ತರುತ್ತೇನೆಂದು ಅಂಗಡಿಗೆ ಹೋಗಿಬಂದಳು. ಪಕ್ಕದ ಮನೆಗೆ ಅವರೆಕಾಳು ಕೊಟ್ಟುಬಂದಳು. ಸೀರೆಯ ಹಾಗೆ ತೊಡರದೆ ದೊಡ್ಡ ಹೆಜ್ಜೆ ಇಡಲು ಬರುತ್ತದೆ ಎಂದು ಖುಷಿಪಟ್ಟಳು. ನಾನು ಸಂಜೆಯ ರೈಲಿಗೆ ಹೊರಟು, "ಕೊಡು ಮತ್ತೆ, ಈಗ ಹಳೇದಾತಲ್ಲ" ಎಂದೆ.

"ಎಲ್ಲಿ ಹಳೇದಾತು? ಒಂದೇ ದಿನಕ್ಕ? ಇನ್ನೂ ಆಗ್ಲಿ ತಡಿ," ಎಂದಳು.

ನನ್ನ ಹರಕೆಯ ವರ್ಷ ಮುಗಿಯಿತು. ಮುಗಿದ ದಿನ ಅಮ್ಮ ಅಜ್ಜಯ್ಯನಿಗೆ ಕಾಯಿ ಒಡೆಸಿ ನಿಟ್ಟುಸಿರು ಬಿಟ್ಟಳು. ನನಗಿಂತ ಅವಳಿಗೇ ಹೆಚ್ಚು ದಣಿವಾಗಿತ್ತು. ಆಮೇಲೆ ಬಟ್ಟೆ ಕೊಂಡಿದ್ದೇನೆ, ಕೊಳ್ಳದೆ ಇಲ್ಲ. ಆದರೆ ಮೊದಲು ಒಳಗಿನ ಹೊಲಿಗೆ ತಿರುವಿ ನೋಡುತ್ತೇನೆ. ಅಂಗಡಿಯವರು ನನ್ನನ್ನು ದರ್ಜಿಯ ಮಗಳೆಂದುಕೊಳ್ಳುತ್ತಾರೆ. ಉಪದೇಶ ಮಾತ್ರ ಪೂರ್ತಿ ಬಿಟ್ಟಿಲ್ಲ, ಪಂಕ್ತಿಯಲ್ಲಿ ಮಾಡುವುದಿಲ್ಲ ಅಷ್ಟೆ. ಪ್ರತಿ ದೀಪಾವಳಿಗೂ ಅತ್ತೆ ಏನಾದರೊಂದು ಹೊಲಿದು ತರುತ್ತಿದ್ದಳು. 'ಆ ಹಸಿರು ಎಲ್ಲಿ?' ಎಂದರೆ, 'ಇನ್ನೂ ಹಳೇದಾಗಿಲ್ಲ' ಎನ್ನುತ್ತಿದ್ದಳು. ಅದನ್ನು ಹಾಕಿಕೊಂಡೇ ಗಾರ್ಮೆಂಟ್ಸಿಗೂ ಹೋಗುತ್ತಿದ್ದಳಂತೆ. ಅಲ್ಲಿಯವರು ಯಾವ ಕಂಪನಿಯದು ಎಂದು ಕೇಳಿದರೆ, 'ನನ್ನದೇ ಕಂಪನಿ' ಎನ್ನುತ್ತಿದ್ದಳಂತೆ.

ಹೀಗೆ ಆರು ವರ್ಷ ಹೋಯಿತು. ಈ ವರ್ಷ ನನಗೆ ದಾವಣಗೆರೆಯಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸೇರುವ ಹಿಂದಿನ ಭಾನುವಾರ ಅತ್ತೆ ವಿನೋಬನಗರಕ್ಕೆ ಬಂದಳು. ಕೈಯಲ್ಲಿ ಅದೇ ಕವರು, ಹೊಳಪು ಪೂರ್ತಿ ಹೋಗಿ ಅಂಗಡಿಯ ಹೆಸರೂ ಅಳಿಸಿತ್ತು. ಈ ಸಲ ಅವಳು ಕೂರುವ ಮುಂಚೆಯೇ ನಾನು ಕಸಿದುಕೊಂಡು ತೆಗೆದೆ. ಹಸಿರು ತಿಳಿಯಾಗಿ, ಬಟ್ಟೆ ಮೆತ್ತಗಾಗಿತ್ತು. ಅಗಲ ಮಾಡಿದ್ದನ್ನು ಮತ್ತೆ ನನ್ನ ಅಳತೆಗೆ ಒಳಗೆ ಹಿಡಿದಿದ್ದಳು. ಬಿಚ್ಚಿದ ಹಳೆಯ ಹೊಲಿಗೆಯ ಸಣ್ಣ ತೂತುಗಳು ಸಾಲಾಗಿ ಕಾಣುತ್ತಿದ್ದವು. ಮೂಲೆಯಲ್ಲಿ ಅರಿಷಿಣ ಇನ್ನೂ ಇತ್ತು, ಹುಡುಕಿದರೆ ಸಿಗುವಷ್ಟು.

"ಈಗ ಹಳೇದಾಗೈತೆ. ಹಾಕ್ಕಾ," ಎಂದಳು.

ಹಾಕಿಕೊಂಡು ಬಂದು ಅವಳ ಮುಂದೆ ನಿಂತೆ. ಅಪ್ಪ ಪೇಪರ್ ಕೆಳಗಿಟ್ಟ. ಅಮ್ಮ ಒಲೆ ಸಣ್ಣ ಮಾಡಿ ಬಂದಳು. ಅತ್ತೆ ನನ್ನನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ನೋಡಲಾಗದೆ, ಏನಾದರೂ ಹೇಳಬೇಕಲ್ಲ ಎಂದು ನಾನು ಕೈ ಎತ್ತಿ, "ತೋಳು ಎಷ್ಟು ಚೆನ್ನಾಗಿ ಕೂತೈತೆ ನೋಡು ಅತ್ತೆ" ಎಂದೆ.

ಅವಳು ನನ್ನ ಕೈ ತಟ್ಟಿ ಕೆಳಗಿಳಿಸಿದಳು.

"ತೋಳು ಏನು ನೋಡ್ತೀ, ತೋಳು ಯಾರು ಬೇಕಾದ್ರೂ ಹೊಲೀತಾರೆ. ಕೊರಳು ನೋಡು."